ಡಿಜೆ ಮಿಕ್ಸಿಂಗ್: ಯಾವ ಸಂಗೀತ ಸುಲಭ, ಯಾವುದು ಕಷ್ಟ, ಎಲ್ಲಿಂದ ಶುರು ಮಾಡಬೇಕು?

“ಹೌಸ್‌ನಿಂದ ಶುರು ಮಾಡಲಾ, ಬಾಲಿವುಡ್‌ನಿಂದಲಾ? ಯಾವುದು ಬೇಗ ಕೈಗೆ ಹತ್ತುತ್ತೆ?” ಮುಂಬೈ, ಪುಣೆಯ ನಮ್ಮ ಕನ್ನಡದ ಹುಡುಗ ಹುಡುಗಿಯರು ಕಂಟ್ರೋಲರ್, ಅಂದರೆ ಎರಡು ಹಾಡುಗಳನ್ನು ಬೆಸೆಯುವ ಯಂತ್ರ, ಕೊಂಡ ವಾರದಲ್ಲೇ ಕೇಳುವ ಪ್ರಶ್ನೆ ಇದು. ಗೋವಾದಲ್ಲಿರುವವರು ಇದಕ್ಕೆ ಸೈಟ್ರಾನ್ಸನ್ನೂ ಸೇರಿಸುತ್ತಾರೆ. ಹೌಸ್, ಸೈಟ್ರಾನ್ಸ್ ಎರಡೂ ಪಾರ್ಟಿಗಳಲ್ಲಿ ಕುಣಿಯಲೆಂದೇ ಮಾಡುವ ಎಲೆಕ್ಟ್ರಾನಿಕ್ ಸಂಗೀತದ ಬಗೆಗಳು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ನೇರ ಉತ್ತರ. ಮಿಕ್ಸಿಂಗ್ ಅಂದರೆ ಸಂಗೀತ ನಿಲ್ಲದಂತೆ ಒಂದು ಹಾಡಿಗೆ ಇನ್ನೊಂದನ್ನು ಬೆಸೆಯುವುದು. ಅದರ ಕಷ್ಟ ಹಾಡಿನ ವೇಗದಲ್ಲಿಲ್ಲ. ಹಾಡು ನಿಮಗೆ ಎಷ್ಟು ಜಾಗ ಬಿಟ್ಟುಕೊಡುತ್ತದೆ ಅನ್ನುವುದರಲ್ಲಿದೆ. ಹೌಸ್ ಟ್ರ್ಯಾಕ್ ಮಾಡುವವರು ಡಿಜೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಿಂದೆ ಮುಂದೆ ಬರೀ ತಾಳದ ಭಾಗ ಇಟ್ಟಿರುತ್ತಾರೆ. ಸಿನಿಮಾ ಹಾಡು ಮಾಡುವವರ ಮನಸ್ಸಿನಲ್ಲಿ ಇರುವುದು ಪರದೆ. “ಬಾಲಿವುಡ್ ತಾನೇ, ಯಾರು ಬೇಕಾದರೂ ಹಾಕಬಹುದು” ಅನ್ನುವವರ ಮಾತು ಅರ್ಧ ಮಾತ್ರ ಸರಿ. ಹಾಕುವುದು ಸುಲಭ. ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸುವುದು ಅಲ್ಲೇ ಎಲ್ಲಕ್ಕಿಂತ ಕಷ್ಟ.

ಏನೇನು ಬೇಕು

ಎರಡು ಚಾನೆಲ್‌ನ ಒಂದು ಕಂಟ್ರೋಲರ್, ಲ್ಯಾಪ್‌ಟಾಪ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರ್‌ಗೆ ಮೊದಲ ದಿನವೇ ದುಡ್ಡು ಸುರಿಯಬೇಕಿಲ್ಲ. ಮಿಕ್ಸ್‌ಎಕ್ಸ್ ಪೂರ್ತಿ ಉಚಿತ. ರೆಕಾರ್ಡ್‌ಬಾಕ್ಸ್, ಸೆರಾಟೊಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಮುಂಬೈಯವರು ಲ್ಯಾಮಿಂಗ್ಟನ್ ರೋಡ್‌ನಲ್ಲೋ, ಪುಣೆಯವರು ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲೋ ವಿಚಾರಿಸುವಾಗ ಒಂದು ವಿಷಯ ತಪ್ಪದೆ ಕೇಳಿ: ಕಂಟ್ರೋಲರ್‌ನೊಳಗೇ ಸೌಂಡ್ ಕಾರ್ಡ್ ಇದೆಯೇ? ಸೌಂಡ್ ಕಾರ್ಡ್ ಇದ್ದರೆ ಸ್ಪೀಕರ್‌ಗೆ ಒಂದು ಹಾಡು, ನಿಮ್ಮ ಹೆಡ್‌ಫೋನ್‌ಗೆ ಇನ್ನೊಂದು ಹಾಡು ಬೇರೆಬೇರೆಯಾಗಿ ಹೋಗುತ್ತದೆ. ಅಗ್ಗದ ಕೆಲವು ಮಾದರಿಗಳಲ್ಲಿ ಅದಿರುವುದಿಲ್ಲ. ಮುಂದಿನ ಹಾಡನ್ನು ಜನರಿಗಿಂತ ಮೊದಲು ಕೇಳಿಸಿಕೊಳ್ಳಲಾಗದ ಯಂತ್ರದಲ್ಲಿ ಮಿಕ್ಸಿಂಗ್ ಕಲಿಯಲು ಆಗದು. ಸೆಕೆಂಡ್ ಹ್ಯಾಂಡ್ ಆದರೆ ಫೇಡರ್ ಎಂಬ ಜಾರುಗುಂಡಿಯನ್ನು ಎಳೆದಾಗ ಕರಕರ ಸದ್ದು ಬರುತ್ತದೆಯೇ, ಹಾಡನ್ನು ಹಿಂದೆ ಮುಂದೆ ತಳ್ಳುವ ಎರಡೂ ಚಕ್ರಗಳು, ಅಂದರೆ ಜಾಗ್ ವೀಲ್‌ಗಳು, ಸರಿಯಾಗಿ ತಿರುಗುತ್ತವೆಯೇ ನೋಡಿ.

ಹಾಡುಗಳು 320 ಕೆಬಿಪಿಎಸ್ ಎಂಪಿ3 ಅಥವಾ ವೇವ್ ಕಡತಗಳಾಗಿರಲಿ. ವಿಡಿಯೊ ತಾಣಗಳಿಂದ ಇಳಿಸಿ “320” ಎಂದು ಹೆಸರು ಬರೆದಿಟ್ಟ ಕಡತಗಳೇ ಹೊಸಬರ ಪೆನ್‌ಡ್ರೈವ್‌ನಲ್ಲಿ ತುಂಬಿರುತ್ತವೆ. ಸಾಮಾನ್ಯವಾಗಿ 128 ಕೆಬಿಪಿಎಸ್ ಕಡತದಲ್ಲಿ 16 ಕಿಲೊಹರ್ಟ್ಸ್‌ನ ಆಚೆಗಿನ ಧ್ವನಿ ಕತ್ತರಿಸಿ ಹೋಗಿರುತ್ತದೆ. ಮನೆಯ ಸ್ಪೀಕರ್‌ನಲ್ಲಿ ತಿಳಿಯದಿದ್ದರೂ ಸಭಾಂಗಣದ ದೊಡ್ಡ ಸ್ಪೀಕರ್‌ಗಳಲ್ಲಿ ತಾಳದ ಝಣಝಣ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ.

ಹಂತ 1: ಎಣಿಸುವುದನ್ನು ಕಲಿಯಿರಿ

ಕಂಟ್ರೋಲರ್ ಮುಟ್ಟುವ ಮುಂಚೆ ಇದು. ಬೀಟ್ ಅಂದರೆ ಕಾಲು ತಟ್ಟುವ ಪೆಟ್ಟು. ನಾಲ್ಕು ಬೀಟ್‌ಗೆ ಒಂದು ಬಾರ್. ಎಂಟು ಅಥವಾ ಹದಿನಾರು ಬಾರ್‌ಗಳ ಒಂದು ವಾಕ್ಯದಂಥ ಭಾಗಕ್ಕೆ ಫ್ರೇಸ್ ಎನ್ನುತ್ತಾರೆ. ಹೊಸ ವಾದ್ಯ ಸೇರುವುದು, ದನಿ ಬರುವುದು, ತಾಳ ನಿಲ್ಲುವುದು ಎಲ್ಲವೂ ಹೆಚ್ಚಾಗಿ ಹೊಸ ಫ್ರೇಸ್‌ನ ಮೊದಲ ಬೀಟ್‌ನಲ್ಲಿ. ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ. 128 ಬಿಪಿಎಂನಲ್ಲಿ ಎಂಟು ಬಾರ್ ಸರಿಯಾಗಿ 15 ಸೆಕೆಂಡ್.

ಠಾಣೆಯಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತಿರುವಾಗ ಇಯರ್‌ಫೋನ್ ಹಾಕಿ “ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು” ಎಂದು, ಮೊದಲ ಅಂಕಿಯಲ್ಲಿ ಬಾರ್‌ನ ಸಂಖ್ಯೆ ಹೇಳುತ್ತ, ಬಾರ್‌ಗಳನ್ನು ಎಣಿಸುತ್ತ ಹೋಗಿ. ಮುಂದಿನ ಬದಲಾವಣೆ ಎಲ್ಲಿ ಬರುತ್ತದೆಂದು ಮೊದಲೇ ಊಹಿಸಲು ಬಂದರೆ ಈ ಹಂತ ಮುಗಿಯಿತು.

ಬೀಟ್‌ಮ್ಯಾಚಿಂಗ್ ಎಂಬ ಇನ್ನೊಂದು ಮಾತು ಪದೇ ಪದೇ ಬರುತ್ತದೆ. ಅದರ ಅರ್ಥವೂ ಲೋಕಲ್‌ನಲ್ಲೇ ಸಿಗುತ್ತದೆ. ಸ್ಲೋ, ಫಾಸ್ಟ್ ಎರಡು ಗಾಡಿಗಳು ಅಕ್ಕಪಕ್ಕ ಒಂದೇ ವೇಗದಲ್ಲಿ ಓಡಿದಾಗ ಆಚೆ ಗಾಡಿಯ ಬಾಗಿಲಲ್ಲಿ ನಿಂತವನು ಅಲ್ಲಾಡದೆ ನಿಂತಂತೆ ಕಾಣುತ್ತಾನೆ. ವೇಗ ಒಂದಾಗುವುದು ಅರ್ಧ ಕೆಲಸ. ಬಾಗಿಲಿಗೆ ಬಾಗಿಲು ಎದುರಾಗಬೇಕು, ಅದು ಉಳಿದರ್ಧ. ಪಿಚ್ ಫೇಡರ್ ವೇಗ ಹೊಂದಿಸುತ್ತದೆ, ಜಾಗ್ ವೀಲ್ ಬಾಗಿಲು ಹೊಂದಿಸುತ್ತದೆ.

ಹಂತ 2: ಯಾವ ಹಾಡಿಗಾದರೂ ನಾಲ್ಕು ಪ್ರಶ್ನೆ ಹಾಕಿ

ಜಾನರ್‌ನ, ಅಂದರೆ ಸಂಗೀತದ ಬಗೆಯ, ಹೆಸರಿಗಿಂತ ಈ ಪ್ರಶ್ನೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಆರಂಭ, ಕೊನೆಗಳಲ್ಲಿ ಬರೀ ತಾಳ ಎಷ್ಟು ಹೊತ್ತು ಇದೆ? ವೇಗ ಮೊದಲಿನಿಂದ ಕೊನೆತನಕ ಒಂದೇ ಸಮ ಇದೆಯೇ? ದನಿ ಹಾಡಿನ ಎಷ್ಟು ಭಾಗವನ್ನು ತುಂಬಿದೆ? ತಾಳ ನಾಲ್ಕರದೋ ಆರರದೋ?

ನಾಲ್ಕಕ್ಕೂ ಅನುಕೂಲದ ಉತ್ತರ ಬಂದರೆ ಅದು ಹೊಸಬರ ಹಾಡು. ಎರಡು ಉತ್ತರ ಪ್ರತಿಕೂಲವಾದರೆ ಮನೆಯಲ್ಲಿ ಮೊದಲೇ ತಯಾರಿ ಬೇಕು. ನಾಲ್ಕೂ ಪ್ರತಿಕೂಲವಾದ ಹಾಡುಗಳು ನಮ್ಮ ಮದುವೆ, ಮದರಂಗಿ ರಾತ್ರಿಗಳಲ್ಲಿ ಧಾರಾಳ ಸಿಗುತ್ತವೆ. ಅವುಗಳ ಪಾಡು ಹಂತ 6 ಮತ್ತು 7ರಲ್ಲಿ.

ಹಂತ 3: ಕೈ ಪಳಗಲು ಹೌಸ್

1980ರ ದಶಕದ ಶಿಕಾಗೊದಲ್ಲಿ ಹುಟ್ಟಿದ ಈ ಸಂಗೀತದಲ್ಲಿ ಪ್ರತಿ ಬೀಟ್‌ಗೂ ಒಂದು ಕಿಕ್, ಅಂದರೆ ಆ ಧಪ್ ಧಪ್ ಪೆಟ್ಟು, ಬೀಳುತ್ತದೆ. ವೇಗ ಸಾಮಾನ್ಯವಾಗಿ 118ರಿಂದ 128. ಆರಂಭ, ಕೊನೆ ಎರಡೂ ಕಡೆ 16 ಅಥವಾ 32 ಬಾರ್‌ಗಳ ತಾಳ. 124ರಲ್ಲಿ 32 ಬಾರ್ ಎಂದರೆ ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಸಮಯ, ಎಡವಿದರೂ ಸರಿಪಡಿಸಿಕೊಳ್ಳಲು ಬೇಕಾದಷ್ಟು.

ಹೀಗೆ ಮಾಡಿ. ಮೊದಲ ಹಾಡಿನ ಕೊನೆಯ ತಾಳದ ಭಾಗ ಶುರುವಾಗುವ ಬೀಟ್‌ಗೆ ಸರಿಯಾಗಿ ಎರಡನೆಯದರ ಆರಂಭವನ್ನು ಬಿಡಿ. ಎರಡನೆಯದರ ಬೇಸ್ (ತಗ್ಗು ಸ್ವರಗಳ ಸದ್ದು) ಗುಂಡಿಯನ್ನು ಮೊದಲೇ ಪೂರ್ತಿ ಇಳಿಸಿಟ್ಟಿರಿ. ಹೊಸ ಫ್ರೇಸ್‌ನ ಮೊದಲ ಬೀಟ್‌ನಲ್ಲಿ ಹಳೆಯದರ ಬೇಸ್ ಇಳಿಸಿ ಹೊಸದರ ಬೇಸ್ ಏರಿಸಿ. ಆಮೇಲೆ ಹಳೆಯದನ್ನು ನಿಧಾನಕ್ಕೆ ಕಳಿಸಿಕೊಡಿ. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಟ್ಟರೆ ಮಿಕ್ಸರ್‌ನ ದೀಪ ಕೆಂಪಾಗುತ್ತದೆ, ಧ್ವನಿ ಒಡೆಯುತ್ತದೆ. ಹೊಸಬರ ಮಿಕ್ಸ್ ಕಲಸಿದಂತೆ ಕೇಳಿಸಲು ಮುಕ್ಕಾಲು ಪಾಲು ಕಾರಣ ಇದೇ, ಬೀಟ್ ತಪ್ಪಿದ್ದಲ್ಲ.

ಎರಡು ಹಾಡಿನ ಬೀಟ್‌ಗಳನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಒತ್ತಿ, ಪಾಪವೇನೂ ಇಲ್ಲ. ಆದರೆ ದಿನಕ್ಕೆ ಒಂದಷ್ಟು ಹೊತ್ತು ಪರದೆಯ ಮೇಲೆ ಬಟ್ಟೆ ಹಾಕಿ ಕಿವಿಯಿಂದಲೇ ಹೊಂದಿಸಿ. ಹಳೆಯ ಸಿನಿಮಾ ಹಾಡಿಗೆ ಬಂದಾಗ ಸಿಂಕ್ ಕೈಕೊಡುತ್ತದೆ, ಆಗ ಕಿವಿಯೊಂದೇ ಗತಿ.

ಹೌಸ್‌ನಲ್ಲಿ ಅಡಗಿರುವ ಕಷ್ಟ ಬೇರೆ. ಎಲ್ಲ ಟ್ರ್ಯಾಕ್‌ಗಳೂ ಒಂದಕ್ಕೊಂದು ಹೊಂದುತ್ತವೆ, ಹಾಗಾಗಿ ಯಾವುದನ್ನು ಆರಿಸಬೇಕೆಂಬುದೇ ಪ್ರಶ್ನೆಯಾಗುತ್ತದೆ. ಅರ್ಧ ಗಂಟೆ ಕಳೆದರೂ ಅದೇ ಹಾಡು ನಡೆಯುತ್ತಿದೆಯೇನೋ ಅನ್ನಿಸಿದರೆ ನಿಮ್ಮ ಕೈ ಪಳಗಿದೆ, ಆಯ್ಕೆ ಪಳಗಿಲ್ಲ ಎಂದರ್ಥ.

ಟೆಕ್ನೊ ಎಂಬ ಇನ್ನೊಂದು ಎಲೆಕ್ಟ್ರಾನಿಕ್ ಸಂಗೀತ ಕೈಕೆಲಸದಲ್ಲಿ ಇನ್ನೂ ಸುಲಭ, ವೇಗ ಮಾತ್ರ ಹೆಚ್ಚು. ದನಿ ಕಡಿಮೆ, ಜಾಗ ಹೆಚ್ಚು. ಅದನ್ನು ಬೇಸರ ಬಾರದಂತೆ ನುಡಿಸುವುದು ವರ್ಷಗಳ ಕೆಲಸ, ಇಲ್ಲಿ ಬೇಡ.

ಹಂತ 4: ಸೈಟ್ರಾನ್ಸ್, ಗೋವಾದವರು ಗಮನಿಸಿ

ತಾಳ ನೇರ, ಟ್ರ್ಯಾಕ್‌ಗಳು ಏಳೆಂಟು ನಿಮಿಷ ಉದ್ದ. ಆದ್ದರಿಂದ ಇದೂ ಹೌಸ್‌ನ ಅಣ್ಣನೇ ಅಂದುಕೊಂಡು ಬರುವವರಿಗೆ ಬೇಸ್ ಪಾಠ ಕಲಿಸುತ್ತದೆ. ಹೌಸ್‌ನ ಬೇಸ್ ಅಲ್ಲಲ್ಲಿ ಉಸಿರಾಡಲು ನಿಲ್ಲುತ್ತದೆ. ಸೈಟ್ರಾನ್ಸ್‌ನಲ್ಲಿ ಕಿಕ್ ಆದ ಕೂಡಲೇ ಬೇಸ್ ಸ್ವರಗಳು ಒಂದರ ಹಿಂದೊಂದು ಓಡುತ್ತವೆ, ಪ್ರತಿ ಬೀಟ್‌ನ ಕಾಲು ಭಾಗಕ್ಕೊಂದರಂತೆ. 145 ಬಿಪಿಎಂನಲ್ಲಿ ಆ ಕಾಲು ಭಾಗ ಸುಮಾರು 103 ಮಿಲಿಸೆಕೆಂಡ್. ಎರಡು ಟ್ರ್ಯಾಕ್ 30 ಮಿಲಿಸೆಕೆಂಡ್ ಆಚೀಚೆ ಆದರೂ ಕಿಕ್ ಎರಡೆರಡಾಗಿ ಬಡಿದು ಕುದುರೆ ಓಡಿದ ಗೊರಸಿನ ಸದ್ದಿನಂತೆ ಆಗುತ್ತದೆ.

ಹಾಗಾಗಿ ಬೇಸ್ ಅದಲುಬದಲು ಇಲ್ಲಿ ನಿಧಾನಕ್ಕೆ ಮಾಡುವ ಕೆಲಸವಲ್ಲ, ಫ್ರೇಸ್‌ನ ಮೊದಲ ಬೀಟ್‌ನಲ್ಲಿ ಒಂದೇ ಏಟಿಗೆ ಆಗಬೇಕು. ಶ್ರುತಿಯೂ ಮುಖ್ಯ. ಒಂದೇ ಬೇಸ್ ಸ್ವರ ನಿಮಿಷಗಟ್ಟಲೆ ತಂಬೂರಿಯ ಹಾಗೆ ಮೊರೆಯುವಾಗ ಮುಂದಿನ ಟ್ರ್ಯಾಕ್ ಅರ್ಧ ಸ್ವರ ಆಚೆಗಿದ್ದರೆ ಕುಣಿಯುವವರಿಗೆ ಕಾರಣ ಗೊತ್ತಾಗದಿದ್ದರೂ ಮುಖ ಹುಳ್ಳಗಾಗುತ್ತದೆ.

ಇನ್ನೊಂದು ಎಚ್ಚರಿಕೆ ಹಳೆಯ ಗೋವಾ ಟ್ರಾನ್ಸ್ ಬಗ್ಗೆ. ಅಂಜುನಾ, ವಾಗಾತೋರ್‌ನ ಬಯಲು ಪಾರ್ಟಿಗಳ ಬಿಸಿಲು, ಧೂಳಿನಲ್ಲಿ ವಿನೈಲ್ ತಟ್ಟೆಗಳು ಹಾಳಾಗುತ್ತಿದ್ದವು. ಅದಕ್ಕೇ ಅಲ್ಲಿನ ಡಿಜೆಗಳು ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪ್ ಬಳಸಿದರು. 2023ರಲ್ಲಿ ತೀರಿಕೊಂಡ, ಅಲ್ಲಿನ ಹೆಸರಾಂತ ಡಿಜೆ ಗೋವಾ ಗಿಲ್ ಬಹುಕಾಲ ಡ್ಯಾಟ್‌ನಲ್ಲೇ ನುಡಿಸಿದವರು. ಸಾಮಾನ್ಯ ಡ್ಯಾಟ್ ಯಂತ್ರದಲ್ಲಿ ವೇಗ ಏರಿಸಿ ಇಳಿಸುವ ಫೇಡರ್ ಇರುತ್ತಿರಲಿಲ್ಲ, ಹಾಗಾಗಿ ಬೀಟ್‌ಮ್ಯಾಚಿಂಗ್ ಮಾತೇ ಇಲ್ಲ. ಒಂದು ಟ್ರ್ಯಾಕ್‌ನ ತಾಳವಿಲ್ಲದ ಕೊನೆಯ ಮೇಲೆ ಇನ್ನೊಂದರ ತಾಳವಿಲ್ಲದ ಆರಂಭವನ್ನು ಹೊದಿಸಿ ದಾಟುತ್ತಿದ್ದರು. ಆ ಕಾಲದ ಟ್ರ್ಯಾಕ್ ಸಿಕ್ಕರೆ ನೀವೂ ಹಾಗೇ ಮಾಡಿ. ಅದರ ಆರಂಭದಲ್ಲಿ ಬೀಟ್ ಹುಡುಕುತ್ತ ಕೂರಬೇಡಿ.

ಹಂತ 5: ಹಿಪ್‌ಹಾಪ್ ಮತ್ತು ಮುರಿದ ತಾಳದವು

ಹಿಪ್‌ಹಾಪ್ ನಿಧಾನ, 85ರಿಂದ 100ರ ಆಸುಪಾಸು. ನಿಧಾನವಾದದ್ದು ಸುಲಭ ಅನ್ನುವುದು ತಪ್ಪು ಲೆಕ್ಕ. ನಾಲ್ಕೋ ಎಂಟೋ ಬಾರ್ ಆಗುವಷ್ಟರಲ್ಲಿ ದನಿ ಬಂದುಬಿಡುತ್ತದೆ, ಬಂದ ಮೇಲೆ ನಿಲ್ಲುವುದಿಲ್ಲ. ಉದ್ದಕ್ಕೆ ಬೆಸೆಯಲು ಹೋದರೆ ಇಬ್ಬರು ರ‍್ಯಾಪರ್‌ಗಳು ಒಬ್ಬರ ಮೇಲೊಬ್ಬರು ಜಗಳ ಕಾಯ್ದಂತೆ ಇರುತ್ತದೆ. ಇಲ್ಲಿ ಬೇಕಾದ್ದು ಕಟ್: ಹಳೆಯದರ ಸಾಲು ಮುಗಿದ ಕ್ಷಣಕ್ಕೆ ಹೊಸದರ ಮೊದಲ ಬೀಟ್. ಎರಡು ಬೀಟ್‌ಗಳ ನಡುವಿನ ಅಂತರ ದೊಡ್ಡದಾದ್ದರಿಂದ ಸ್ವಲ್ಪ ಬೇಗವಾದರೂ ತಡವಾದರೂ ಎಲ್ಲರಿಗೂ ಗೊತ್ತಾಗುತ್ತದೆ.

ಈ ಕಲೆ ಹುಟ್ಟಿದ್ದೇ ಹೀಗೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಆರಂಭವೆಂದು ಎಣಿಸುತ್ತಾರೆ. ಹಾಡಿನಲ್ಲಿ ಬರೀ ತಾಳ ಬರುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಕಂಡ ಹರ್ಕ್ ಒಂದೇ ತಟ್ಟೆಯ ಎರಡು ಪ್ರತಿ ಇಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ದಾರಿ ಹಿಡಿದರು. ಇಂದು ಅದೇ ಕೆಲಸವನ್ನು ನಿಮ್ಮ ಲೂಪ್ ಬಟನ್ ಮಾಡುತ್ತದೆ. ತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಸದ್ದು ಹೊರಡಿಸುವ ಸ್ಕ್ರ್ಯಾಚಿಂಗ್ ಬೇರೆಯೇ ವಿದ್ಯೆ, ಮಿಕ್ಸಿಂಗ್ ಕಲಿಯಲು ಅದು ಕಡ್ಡಾಯವಲ್ಲ.

ಧಾರಾವಿಯ ರ‍್ಯಾಪ್ ಇರಲಿ, ನಮ್ಮ ಕನ್ನಡ ರ‍್ಯಾಪ್ ಇರಲಿ, ಸಂಘದ ಕಾರ್ಯಕ್ರಮಕ್ಕೆ ಒಯ್ಯುವ ಮುಂಚೆ ಸಾಹಿತ್ಯ ಪೂರ್ತಿ ಕೇಳಿಕೊಳ್ಳಿ. ಮುಂದಿನ ಸಾಲಿನಲ್ಲಿ ಅಜ್ಜ, ಅಜ್ಜಿಯರು ಕೂತಿರುತ್ತಾರೆ.

ಡ್ರಮ್ ಆ್ಯಂಡ್ ಬೇಸ್ ಎಂಬುದು 170ರಿಂದ 178ರ ವೇಗದ್ದು. ಕಿಕ್ ಹೇಗೆಂದರೆ ಹಾಗೆ ಬೀಳುವುದರಿಂದ ಅದನ್ನು ಹಿಡಿದು ಹೊಂದಿಸಲು ಹೋಗಬೇಡಿ. ಎರಡನೇ ಮತ್ತು ನಾಲ್ಕನೇ ಬೀಟ್‌ನಲ್ಲಿ ಚಟ್ ಎನ್ನುವ ಸ್ನೇರ್ ಪೆಟ್ಟಿಗೆ ಹೊಂದಿಸಿ. 174ರಲ್ಲಿ 16 ಬಾರ್ 22 ಸೆಕೆಂಡ್‌ಗೆ ಮುಗಿದುಹೋಗುತ್ತದೆ, ಮುಂದಿನ ಹಾಡು ಹುಡುಕಲು ಪುರಸೊತ್ತಿಲ್ಲ. ಪಟ್ಟಿ ಮೊದಲೇ ತಯಾರಿರಬೇಕು. ಈಚೆಗೆ ಎಲ್ಲೆಡೆ ಕೇಳುವ, ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಸಂಗೀತ 110ರಿಂದ 115ರ ಆರಾಮದ ವೇಗದ್ದು, ಆದರೆ ಪ್ರತಿ ಬೀಟ್‌ಗೂ ಕಿಕ್ ಇರುವುದಿಲ್ಲ. ಗಿಲಕಿಯಂತೆ ಸದಾ ನಡೆಯುವ ಶೇಕರ್ ಸದ್ದನ್ನು ಹಿಡಿದುಕೊಳ್ಳಿ.

ಹಂತ 6: ಸಿನಿಮಾ ಹಾಡು, ಹಿಂದಿಯದಾಗಲಿ ಕನ್ನಡದ್ದಾಗಲಿ

ಮಾಟುಂಗಾದ ಮೈಸೂರು ಅಸೋಸಿಯೇಶನ್ನೋ, ಕುರ್ಲಾದ ಬಂಟರ ಸಂಘದ ಸಭಾಂಗಣವೋ, ಪುಣೆಯ ಯಾವುದೋ ಮದುವೆ ಲಾನ್ಸೋ, ನಮ್ಮವರ ಕಾರ್ಯಕ್ರಮಕ್ಕೆ ಡಿಜೆ ಆಗಿ ಹೋದರೆ ಒಂದೇ ಗಂಟೆಯಲ್ಲಿ ಹಿಂದಿ, ಕನ್ನಡ, ತುಳು, ಮರಾಠಿ ನಾಲ್ಕೂ ಕೇಳುತ್ತಾರೆ. ಅದರಲ್ಲೂ ಅರ್ಧ ಹಾಡುಗಳು ನೀವು ಹುಟ್ಟುವ ಮುಂಚಿನವು. ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಇಡಿ.

ಮೊದಲ ತೊಡಕು, ವೇಗ ನಿಲ್ಲುವುದಿಲ್ಲ. ಹಿಂದೆ ಇಡೀ ವಾದ್ಯವೃಂದ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಿ ಧ್ವನಿಮುದ್ರಿಸುತ್ತಿತ್ತು. ಮನುಷ್ಯರ ಕೈ ಉತ್ಸಾಹ ಬಂದಾಗ ಓಡುತ್ತದೆ, ಭಾವ ಬಂದಾಗ ಎಳೆಯುತ್ತದೆ. ಪಲ್ಲವಿಯಲ್ಲಿ 104 ಇದ್ದದ್ದು ಎರಡನೇ ಚರಣಕ್ಕೆ 107 ಆಗಿರಬಹುದು. ಸಾಫ್ಟ್‌ವೇರ್ ಒಂದೇ ವೇಗವೆಂದು ಭಾವಿಸಿ ಗೆರೆ ಎಳೆದುಬಿಡುತ್ತದೆ. ಈ ಗೆರೆಗಳಿಗೆ ಬೀಟ್‌ಗ್ರಿಡ್ ಎನ್ನುತ್ತಾರೆ. ಆರಂಭದಲ್ಲಿ ಸರಿಯಾಗಿ ಕೂತ ಗ್ರಿಡ್ ಕೊನೆಗೆ ಅರ್ಧ ಬೀಟ್ ಆಚೆ ಹೋಗಿರುತ್ತದೆ, ಸಿಂಕ್ ಆ ತಪ್ಪು ಗೆರೆಯನ್ನೇ ನಂಬುತ್ತದೆ.

ಪರಿಹಾರ: ರೆಕಾರ್ಡ್‌ಬಾಕ್ಸ್‌ನಲ್ಲಿ ವಿಶ್ಲೇಷಣೆಯನ್ನು ಡೈನಾಮಿಕ್‌ಗೆ ಬದಲಿಸಿ. ಮಿಕ್ಸ್‌ಎಕ್ಸ್‌ನಲ್ಲಿ ವೇಗ ಸ್ಥಿರವೆಂದು ಭಾವಿಸುವ ಆಯ್ಕೆಯ ಟಿಕ್ ತೆಗೆಯಿರಿ. ಆಮೇಲೂ ಕಣ್ಣಿನಿಂದ ನೋಡಿ ತಿದ್ದಿ. ಇಡೀ ಹಾಡು ತಿದ್ದುವುದು ಬೇಡ. ನೀವು ಒಳಗೆ ಬರುವ ಜಾಗ, ಹೊರಗೆ ಹೋಗುವ ಜಾಗ, ಈ ಎರಡು ಕಡೆ ಎಂಟೆಂಟು ಬಾರ್ ಸರಿಯಿದ್ದರೆ ಸಾಕು. ಕಂಪ್ಯೂಟರ್‌ನಲ್ಲಿ ತಾಳ ಕಟ್ಟಿದ ಈಚಿನ ಹಾಡುಗಳಲ್ಲಿ ಈ ತಲೆನೋವು ಬಹುಮಟ್ಟಿಗೆ ಇಲ್ಲ.

ಎರಡನೆಯದು ಜಾಗದ ಕೊರತೆ. ಹಾಡು ಕೊಳಲಿನ ಆಲಾಪದಿಂದಲೋ, ಯಾರೋ ಕೂಗಿದ ಮಾತಿನಿಂದಲೋ ಶುರುವಾಗಿ ನೇರ ಪಲ್ಲವಿಗೆ ಹಾರುತ್ತದೆ. ಆದ್ದರಿಂದ ಹಾಡಿನ ಆರಂಭವನ್ನು ಮರೆತುಬಿಡಿ. ಪಲ್ಲವಿಗೂ ಚರಣಕ್ಕೂ ನಡುವೆ ಬರೀ ವಾದ್ಯ ಬರುವ ಭಾಗವೇ ನಿಮ್ಮ ನಿಜವಾದ ಬಾಗಿಲು. ಅದರಲ್ಲಿ ತಬಲವೋ ಢೋಲಕ್ಕೋ ಒಂಟಿಯಾಗಿ ಸಿಗುವ ನಾಲ್ಕು ಅಥವಾ ಎಂಟು ಬೀಟ್ ಹುಡುಕಿ ಲೂಪ್ ಮಾಡಿಟ್ಟುಕೊಳ್ಳಿ. ಆ ಲೂಪ್ ಸುತ್ತುತ್ತಿರುವಾಗ ಹಳೆಯ ಹಾಡನ್ನು ಕಳಿಸಿ, ಲೂಪ್ ಬಿಡಿಸಿದೊಡನೆ ಪಲ್ಲವಿಗೆ ಹಾರಲು ಒಂದು ಹಾಟ್ ಕ್ಯೂ, ಅಂದರೆ ಒತ್ತಿದ ಕ್ಷಣ ಆ ಜಾಗಕ್ಕೆ ಒಯ್ಯುವ ಗುರುತು, ಇಟ್ಟುಕೊಳ್ಳಿ. ಜನಕ್ಕೆ ಬೇಕಾದ್ದು ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ಎರಡು ನಿಮಿಷ ಸಾಕು. ನಾಲ್ಕನೇ ನಿಮಿಷಕ್ಕೆ ಕುಣಿಯುತ್ತಿರುವವರು ಹಾಡಿಗೆ ವಿಧೇಯರಾದವರು ಮಾತ್ರ.

ಇಲ್ಲಿ ಇಬ್ಬಗೆಯ ಎಣಿಕೆಯ ಬಲೆ ಇದೆ. ಹೌಸ್‌ನಲ್ಲಿ ಫ್ರೇಸ್ ಎಂದರೆ ಎಂಟು, ಹದಿನಾರು. ಸಿನಿಮಾ ಹಾಡಿನ ವಾದ್ಯಭಾಗ ಆರು ಬಾರ್, ಹತ್ತು ಬಾರ್ ಇದ್ದರೂ ಇರಬಹುದು, ಚಿತ್ರೀಕರಣಕ್ಕೆ ಬೇಕಾದಷ್ಟು. ಪ್ರತಿ ಹಾಡನ್ನೂ ಒಮ್ಮೆ ಪೂರ್ತಿ ಎಣಿಸಿ, ಸಂಖ್ಯೆಯನ್ನು ಹಾಡಿನ ಕಮೆಂಟ್ ಜಾಗದಲ್ಲಿ ಬರೆದಿಡಿ. ಹಾಗೇ ಸಾಹಿತ್ಯ ತಾಳದ ಮೊದಲ ಪೆಟ್ಟಿನಲ್ಲೇ ಶುರುವಾಗಬೇಕೆಂದೂ ಇಲ್ಲ. ಕರ್ನಾಟಕ ಸಂಗೀತ ಕಲಿತವರು ಇದನ್ನು ಎಡುಪು ಎಂದು ಬಲ್ಲರು. ಕ್ಯೂ ಗುರುತನ್ನು ದನಿ ಶುರುವಾಗುವಲ್ಲಿ ಇಡಬೇಡಿ, ತಾಳದ ಮೊದಲ ಪೆಟ್ಟಿನಲ್ಲಿ ಇಡಿ. ದನಿ ಅದಕ್ಕಿಂತ ಮುಂಚೆ ಶುರುವಾಗುವ ಹಾಡಾದರೆ ಒಂದು ಬಾರ್ ಹಿಂದಿನಿಂದ ಬಿಡಿ.

ಮೂರನೆಯದು ಶ್ರುತಿ. ಸಾಫ್ಟ್‌ವೇರ್ ಪ್ರತಿ ಹಾಡನ್ನೂ ಪಾಶ್ಚಾತ್ಯ ಮೇಜರ್, ಮೈನರ್ ಎಂಬ 24 ಡಬ್ಬಿಗಳಲ್ಲಿ ಒಂದಕ್ಕೆ ತುರುಕುತ್ತದೆ. ರಾಗ ಹಿಡಿದು ಕಟ್ಟಿದ ಹಾಡಿನಲ್ಲಿ ಅದು ತೋರಿಸುವ ಕೀ ಆಗಾಗ ತಪ್ಪು. ಹಾಡಿನ ಷಡ್ಜ ಎಲ್ಲಿದೆ ಎಂದು ಗುನುಗಿ ನೋಡಿ. ಎರಡು ಹಾಡಿನ ಸ ಒಂದೇ ಆಗಿದ್ದರೆ ಅಥವಾ ಒಂದರ ಪ ಇನ್ನೊಂದರ ಸ ಆಗಿದ್ದರೆ ಹೊಂದಾಣಿಕೆ ಆಗುವ ಸಾಧ್ಯತೆ ಹೆಚ್ಚು. ಸ ಒಂದೇ ಇದ್ದು ಗಾಂಧಾರ, ಧೈವತ ಬೇರೆಯಾದರೆ ಹಾಡಿನ ಮೇಲೆ ಹಾಡು ಹೊದಿಸಬೇಡಿ, ತಾಳದ ಮೇಲೆ ತಾಳ ಮಾತ್ರ. ಮನೆಯಲ್ಲಿ ಶ್ರುತಿಪೆಟ್ಟಿಗೆಯ ಸದ್ದು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಪರದೆಗಿಂತ ಕಿವಿ ವಾಸಿ, ಅವರಿಗೆ ಅದು ಗೊತ್ತಿರುವುದಿಲ್ಲ ಅಷ್ಟೆ.

ವೇಗವನ್ನು ಸುಮಾರು 6 ಶೇಕಡಾ ಏರಿಸಿದರೆ ಶ್ರುತಿ ಒಂದು ಅರ್ಧಸ್ವರ ಏರುತ್ತದೆ. ಕೀ ಲಾಕ್ ಒತ್ತಿದರೆ ಶ್ರುತಿ ನಿಲ್ಲುತ್ತದೆ, ಆದರೆ ಹೆಚ್ಚು ಎಳೆದಾಗ ದನಿ ನಡುಗುತ್ತದೆ. ಎಲ್ಲರ ಬಾಯಲ್ಲಿರುವ ಹಾಡಿನ ಗಾಯಕರ ದನಿ ಬದಲಾದರೆ ಜನ ತಕ್ಷಣ ಗುರುತಿಸುತ್ತಾರೆ. ಮೂರು ನಾಲ್ಕು ಶೇಕಡಾ ಒಳಗೇ ಇರಿ.

ಮೊದಲೇ ತಾಳದ ಆರಂಭ, ಕೊನೆ ಜೋಡಿಸಿದ ಡಿಜೆ ಎಡಿಟ್‌ಗಳು ಸಿಗುತ್ತವಲ್ಲ ಎನ್ನುತ್ತೀರಿ. ಬಳಸಿ. ಆದರೆ ಪೂರ್ತಿ ಕೇಳಿದ ಮೇಲೆ. ನಡುವೆ ಬೇರೆ ಡಿಜೆಯ ಹೆಸರು ಕೂಗುವ ತುಣುಕು ಇರುತ್ತದೆ, ಅದು ನಿಮ್ಮ ಕಾರ್ಯಕ್ರಮದಲ್ಲಿ ಮೊಳಗಿದರೆ ಚೆನ್ನಾಗಿರುವುದಿಲ್ಲ. ದನಿ, ತಾಳಗಳನ್ನು ಬೇರ್ಪಡಿಸುವ ಸ್ಟೆಮ್ಸ್ ಸೌಲಭ್ಯ ಈಗ ಹಲವು ಸಾಫ್ಟ್‌ವೇರ್‌ಗಳಲ್ಲಿದೆ. ಈಚಿನ ಹಾಡುಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹಳೆಯ ಮೋನೊ ಹಾಡುಗಳಲ್ಲಿ ವಯಲಿನ್ ಅರ್ಧ ದನಿಯ ಜೊತೆಗೇ ಹೋಗಿಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ವೇದಿಕೆಯಲ್ಲಿ ಇದನ್ನು ಮೊದಲ ಬಾರಿ ಪ್ರಯೋಗಿಸಬೇಡಿ.

ಹಂತ 7: ಆರರ ತಾಳ

ಬೋರಿವಲಿಯ ಗರ್ಬಾ, ಮಂಗಳೂರಿನ ಕ್ರೈಸ್ತ ಮದುವೆಗಳ ಬೈಲಾ, ಗೋವಾದ ದುಲ್ಪೊದ್, ಜನಪದ ಶೈಲಿಯ ಎಷ್ಟೋ ಕನ್ನಡ ಹಾಡುಗಳು ತಕಿಟ ತಕಿಟ ಎಂದು ಸಾಗುತ್ತವೆ, ತಿಶ್ರ ನಡೆ. ಕಂಟ್ರೋಲರ್‌ನ ಲೂಪ್ ಬಟನ್‌ಗಳೆಲ್ಲ ನಾಲ್ಕು, ಎಂಟು, ಹದಿನಾರು ಎಂದು ಯೋಚಿಸುವಂಥವು.

ಸಾಫ್ಟ್‌ವೇರ್ ಇಲ್ಲಿ ಬಿಪಿಎಂ ತಪ್ಪಾಗಿ ಓದುತ್ತದೆ. ಪ್ರತಿ ತಕಿಟಕ್ಕೆ ಒಂದು ಕಾಲು ತಟ್ಟಿದರೆ ನಿಮಿಷಕ್ಕೆ 100 ಬರುವ ಹಾಡನ್ನು 150 ಎಂದು ತೋರಿಸಬಹುದು. ಆ 150ರ ಲೆಕ್ಕದಲ್ಲಿ ನಾಲ್ಕು ಬೀಟ್ ಲೂಪ್ ಮಾಡಿದರೆ ಆರು ಮಾತ್ರೆಯ ಆವರ್ತ ನಡುವೆ ತುಂಡಾಗಿ ಕುಣಿಯುವವರ ಕಾಲು ಎಡವುತ್ತದೆ. ಕೈಯಿಂದ 100ಕ್ಕೆ ತಿದ್ದಿ. ಆಗ ಎರಡು ಬೀಟ್‌ಗೆ ಒಂದು ಆವರ್ತ, ನಾಲ್ಕು ಬೀಟ್ ಲೂಪ್‌ಗೆ ಎರಡು ಪೂರ್ತಿ ಆವರ್ತ. ಲೂಪ್ ಸರಿಯಾಗುತ್ತದೆ.

ಆರರ ಹಾಡುಗಳನ್ನು ಗುಂಪಾಗಿ ನುಡಿಸಿ, ನಾಲ್ಕರ ಹಾಡುಗಳ ನಡುವೆ ಒಂದೊಂದೇ ಸಿಕ್ಕಿಸಬೇಡಿ. ಗರ್ಬಾದಲ್ಲಂತೂ ಸುತ್ತು ನಿಂತರೆ ಕ್ಷಮೆ ಇಲ್ಲ. ನಿಧಾನದಿಂದ ಶುರು ಮಾಡಿ ಹಾಡಿನಿಂದ ಹಾಡಿಗೆ ಒಂದೆರಡು ಬಿಪಿಎಂ ಮಾತ್ರ ಏರಿಸುತ್ತ ಹೋಗಿ. ಕೊನೆಯಲ್ಲಿ ನಾಲ್ಕರ ಹಾಡಿಗೆ ದಾಟುವಾಗ ತಾಳದ ಮೇಲೆ ತಾಳ ಹೊದಿಸದೆ, ಎಕೊ, ಅಂದರೆ ಪ್ರತಿಧ್ವನಿಯ ಬಟನ್, ಒತ್ತಿ ಹಾಡನ್ನು ಕರಗಿಸಿ ಹೊಸದನ್ನು ಮೊದಲ ಬೀಟ್‌ನಿಂದ ಹೊಡೆಯಿರಿ.

ಹಂತ 8: ಒಂದು ವೇಗದಿಂದ ಇನ್ನೊಂದಕ್ಕೆ

124ರ ಹೌಸ್‌ನಿಂದ 96ರ ಕನ್ನಡ ಹಾಡಿಗೆ ಹೋಗಬೇಕು. ಫೇಡರ್ ಎಳೆದು 96ಕ್ಕೆ ತರಲು ನೋಡಬೇಡಿ, ಸೋತ ಬ್ಯಾಟರಿಯ ಟೇಪ್‌ರೆಕಾರ್ಡರ್ ಸದ್ದು ಬರುತ್ತದೆ. ದಾರಿಗಳು ಮೂರು. ಇಮ್ಮಡಿ ಲೆಕ್ಕ: 174ರ ಡ್ರಮ್ ಆ್ಯಂಡ್ ಬೇಸ್‌ಗೂ 87ರ ಹಿಪ್‌ಹಾಪ್‌ಗೂ ಬೀಟ್ ತಾನಾಗಿ ಕೂಡುತ್ತದೆ. ಎರಡನೆಯದು ಮೇಲೆ ಹೇಳಿದ ಎಕೊ. ಮೂರನೆಯದನ್ನು ಕ್ಲಬ್‌ನವರು ಕಲಿಸುವುದಿಲ್ಲ, ಸಂಘದ ಕಾರ್ಯಕ್ರಮದಲ್ಲಿ ಮಾತ್ರ ಸಿಗುತ್ತದೆ: ನಿರೂಪಕರ ಮೈಕ್. ಅವರು ಅದೃಷ್ಟದ ಚೀಟಿಯ ಸಂಖ್ಯೆ ಓದುತ್ತಲೋ, ಪ್ರಾಯೋಜಕರಿಗೆ ಧನ್ಯವಾದ ಹೇಳುತ್ತಲೋ ಇರುವಾಗ ಹಾಡು ಮೆಲ್ಲಗೆ ಇಳಿಸಿ. ಮಾತು ಮುಗಿದಾಗ ಯಾವ ವೇಗದ ಹಾಡು ಬಂದರೂ ಯಾರಿಗೂ ಎಡವಿದಂತಾಗದು. ಕಾರ್ಯಕ್ರಮಪಟ್ಟಿಯನ್ನು ಮೊದಲೇ ಪಡೆದು ಈ ಮಾತಿನ ಬಿಡುವುಗಳನ್ನು ಗುರುತು ಮಾಡಿಕೊಳ್ಳಿ.

ಹಂತ 9: ಗಡಿಯಾರ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಮುಂಬೈ, ಪುಣೆ, ಗೋವಾ ಎಲ್ಲಕ್ಕೂ ಇದೇ ನಿಯಮ. ಕ್ಲಬ್ ಡಿಜೆಗಳನ್ನು ನೋಡಿ ಕಲಿತವರು ಎಲ್ಲರೂ ಕಾಯುವ ಹಾಡುಗಳನ್ನು ರಾತ್ರಿ ಹನ್ನೊಂದಕ್ಕೆ ಎತ್ತಿಡುತ್ತಾರೆ. ಲಾನ್ಸ್‌ನ ಮದುವೆಯಲ್ಲಿ ಹತ್ತಕ್ಕೆ ಸ್ವಿಚ್ ಆಫ್ ಆದಾಗ ಆ ಹಾಡುಗಳು ಪೆನ್‌ಡ್ರೈವ್‌ನಲ್ಲೇ ಉಳಿಯುತ್ತವೆ. ಊಟಕ್ಕೆ ಜನ ಚದುರುವ ಮುಂಚಿನ ಹೊತ್ತು, ಎಂಟೂವರೆಯಿಂದ ಒಂಬತ್ತೂವರೆ, ನಿಮ್ಮ ಮುಖ್ಯ ಗಂಟೆಯೆಂದು ಇಟ್ಟುಕೊಂಡು ಪಟ್ಟಿ ಮಾಡಿ. ಒಳಾಂಗಣವಾದರೆ ಎಷ್ಟು ಹೊತ್ತಿನತನಕ ಬಿಡುತ್ತಾರೆಂದು ಸಭಾಂಗಣದವರನ್ನು ಬುಕಿಂಗ್ ದಿನವೇ ಕೇಳಿ, ಉತ್ತರವನ್ನು ಕರೆಸಿದವರಿಗೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ.